ಕಡೆಯ ಮೊಲೆಯ ಮರಿ

ಮೇಜಿನ ಕೆಳಖಾನೆಯನ್ನು ನಾನು ಸಾಮಾನ್ಯವಾಗಿ ತೆರೆಯುವುದಿಲ್ಲ. ಮೊನ್ನೆ ತೆರೆದೆ. ಹಳೆಯ ಫೋಟೋ ಏನಾದರೂ ಇದೆಯೇ ಎಂದು ಒಬ್ಬಳು ಹುಡುಗಿ ಫೋನಿನಲ್ಲಿ ಕೇಳಿದ್ದಳು. ಫೋಟೋ ಸಿಗಲಿಲ್ಲ, ಬ್ರಷ್ಷು ಸಿಕ್ಕಿತು. ಹೆಬ್ಬೆರಳಿನ ದಪ್ಪದ ಬಿದಿರಿನ ತುಂಡು, ಅದರ ತುದಿಗೆ ಹಿತ್ತಾಳೆಯ ತಂತಿಯಲ್ಲಿ ಬಿಗಿದು ಕಟ್ಟಿದ ಕಪ್ಪು ಬಿರುಗೂದಲು. ಮೂಗಿಗೆ ಹಿಡಿದರೆ ತೆಂಗಿನೆಣ್ಣೆ, ಒಲೆಯ ಹೊಗೆ, ಅದರಡಿಯಲ್ಲಿ ಎಲ್ಲೋ ಸ್ವಲ್ಪ ಹಂದಿ... ಸ್ವಲ್ಪ ಎಂದು ಯಾಕೆ ಬರೆಯುತ್ತೇನೋ, ಅದು ಪೂರ್ತಿ ಹಂದಿಯೇ. ಖಾನೆ ಮುಚ್ಚಿದೆ. ಎದ್ದು ಜಗಲಿಗೆ ಹೋದೆ, ಬಂದು ಮತ್ತೆ ತೆರೆದೆ. ಕಡಿಯಾಳಿಯ ಈ ಮನೆಯಲ್ಲಿ ಅತ್ತಿಂದಿತ್ತ ಹದಿನಾಲ್ಕು ಹೆಜ್ಜೆ. ಆ ಸಂಜೆ ಎಷ್ಟು ಸಲ ನಡೆದೆನೋ, ಹೆಂಡತಿ ಕೇಳಿದಳು, "ಎಂತ, ಹೊಟ್ಟೆನೋವಾ?" ಹೌದೆಂದೆ.

ನಾನು ಜಾನುವಾರು ಇಲಾಖೆಯಲ್ಲಿ ನಿರೀಕ್ಷಕನಾಗಿದ್ದವನು. ಡಾಕ್ಟರನಲ್ಲ. ಆದರೆ ಕಾರ್ಕಳದ ಆಚೆಯ ಆ ಊರಿನಲ್ಲಿ ಚೀಲದಲ್ಲಿ ಸಿರಿಂಜು ಇದ್ದವರೆಲ್ಲ ಡಾಕ್ಟರೇ. ಜನ ಹಾಗೆ ಕರೆದಾಗ ನಾನೂ ಬೇಡವೆನ್ನಲಿಲ್ಲ. ಅಲ್ಲಿ ನನಗೆ ಪರಿಚಯವಾದವರು ಬಾಯಮ್ಮ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವ ಹೆಸರು ಅದು, ಊರಿಗೆ ಹತ್ತು ಜನ ಬಾಯಮ್ಮ ಇರುತ್ತಾರೆ. ನನ್ನ ಪಾಲಿಗೆ ಮಾತ್ರ ಇವರೊಬ್ಬರೇ. ಗಿಡ್ಡ ಶರೀರ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಕೊರಳಲ್ಲಿ ಒಂದು ಶಿಲುಬೆ, ಕಂಕುಳಲ್ಲಿ ಸದಾ ಒಂದು ಕಟ್ಟು ಕೆಸುವಿನ ದಂಟು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ತುಳು, ಸರಕಾರದ ಹತ್ತಿರ ಕನ್ನಡ. ನಾನು ಇಲಾಖೆಯವನಾದರೂ ನನ್ನನ್ನು ಅವರು 'ಮಗಾ' ಎಂದೇ ಕರೆದು ತುಳುವಿನಲ್ಲೇ ಮಾತಾಡುತ್ತಿದ್ದರು. ಅದನ್ನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಲಾಖೆಯ ಮೇಲೆ ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ಶುದ್ಧ ಕನ್ನಡ ಬರುತ್ತಿತ್ತು.

ಅವರು ಸಾಕುತ್ತಿದ್ದದ್ದು ಊರ ಕಪ್ಪು ಹಂದಿ. ಮನೆಯ ಹಿಂದೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದಿತ್ತು. ಅದರ ಬಾಯಿಗೆ ಮರದ ಗೇಟು ಹಾಕಿದರೆ ಮುಗಿಯಿತು, ದೊಡ್ಡಿ ಕಟ್ಟುವ ಕೆಲಸವೇ ಇಲ್ಲ. ಒಂದು ಮೂಲೆಯಲ್ಲಿ ವರ್ಷವಿಡೀ ಕೆಸರು. ಕಲ್ಲು ಕಡಿದಲ್ಲಿ ಉಳಿದ ಮೆಟ್ಟಿಲುಗಳ ಮೇಲೆ ಹಂದಿಗಳು ಆಡಿನ ಹಾಗೆ ಹತ್ತಿ ಇಳಿಯುತ್ತಿದ್ದವು. ನಾನು ತರಬೇತಿಯಲ್ಲಿ ನೋಡಿದ ಬಿಳಿ ಹಂದಿಗಳು ಎದ್ದು ನಿಲ್ಲಲೂ ಯೋಚಿಸುವಂಥವು. ಇವು ಹಾಗಲ್ಲ. ಎಳೆಯ ಹಲಸಿನ ಎಲೆಯಷ್ಟೇ ದೊಡ್ಡ, ನೆಟ್ಟಗೆ ನಿಂತ ಕಿವಿ. ನೀಳ ಮೂತಿ. ಕತ್ತಿನಿಂದ ಬೆನ್ನಿನವರೆಗೆ ಬಿರುಗೂದಲಿನ ಸಾಲು. ಬೇಯಿಸಿದ ಕೆಸು, ಹಲಸಿನ ಬೀಜ, ಅಕ್ಕಿ ತೊಳೆದ ನೀರು, ಅಷ್ಟರಲ್ಲೇ ಬದುಕು. ನನ್ನ ಚೀಲದ ಔಷಧಿ ಅವಕ್ಕೆ ಬೇಕಾದದ್ದನ್ನು ನಾನು ಕಂಡದ್ದೇ ಕಡಿಮೆ.

ನಮ್ಮ ಮನೆಯಲ್ಲಿ ಹಂದಿಮಾಂಸದ ಹೆಸರೆತ್ತುವಂತಿರಲಿಲ್ಲ. ಆ ಕೋರೆಗೆ ಹೋಗಿ ಬಂದ ದಿನ ಬಾವಿಕಟ್ಟೆಯಲ್ಲಿ ಸ್ನಾನ ಮಾಡದೆ ಅಮ್ಮ ಒಳಗೆ ಬಿಡುತ್ತಿರಲಿಲ್ಲ. ಅದೇ ಅಮ್ಮ ಒಮ್ಮೆ ಕಾರ್ಕಳಕ್ಕೆ ಮದುವೆಗೆ ಬಂದವರು ನನ್ನ ಸ್ಕೂಟರಿನ ಹಿಂದೆ ಕುಳಿತು ಬಾಯಮ್ಮನ ಅಂಗಳಕ್ಕೂ ಬರಬೇಕಾಯಿತು. ಕೋರೆಯ ಮೇಲಿನ ಮೆಟ್ಟಿಲಿಗೆ ಮುದಿ ಗಂಡು ಬಂದು ನಿಂತಿತು, ಬೆನ್ನ ಕೂದಲು ನಿಗುರಿಸಿಕೊಂಡು. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ನಮ್ಮ ಮನೆಯ ದೈವ ಪಂಜುರ್ಲಿ, ಹಂದಿಯ ರೂಪದ್ದು. ಬಾಯಮ್ಮ ನಗಲಿಲ್ಲ. ಅಮ್ಮ ಕೈ ಇಳಿಸುವವರೆಗೆ ತಾವೂ ಸುಮ್ಮನೆ ನಿಂತಿದ್ದರು. ಹಿಂದೆ ಬಂದ ಮೇಲೆ ಅಮ್ಮ ಸ್ನಾನವನ್ನಂತೂ ಮಾಡಿದರು.

ತಳಿ, ಸಂರಕ್ಷಣೆ, ಇಂಥ ಪದಗಳನ್ನೆಲ್ಲ ಬಾಯಮ್ಮ ಬಳಸಿದವರಲ್ಲ. "ಅತ್ತೆ ನನಗೆ ಕೊಟ್ಟದ್ದು ಎರಡೇ ಮಗಾ. ಒಂದು ಜಪಸರ, ಒಂದು ಇದು. ಜಪಸರ ತುಂಡಾಯ್ತು," ಎನ್ನುತ್ತಿದ್ದರು. ಹೆಣ್ಣುಮರಿಗಳನ್ನು ಅವರು ಮಾರುತ್ತಿರಲಿಲ್ಲ, ಪಾಲಿಗೆ ಕೊಡುತ್ತಿದ್ದರು. ಸಾಕಿದವರು ಮೊದಲ ಸೂಲಿನಲ್ಲಿ ಒಂದು ಹೆಣ್ಣನ್ನು ಹಿಂದಿರುಗಿಸಬೇಕು, ಅದು ಇನ್ನೊಂದು ಮನೆಗೆ ಹೋಗಬೇಕು. ಹಾಗೆ ಪೆರ್ಡೂರಿನ ಕಡೆ, ಕಾಪುವಿನ ಒಳಗೆ, ಹೂಡೆಯ ಹೊಳೆದಂಡೆಯಲ್ಲಿ ಕೂಡ ಅವರ ಹಂದಿಗಳಿದ್ದವು. ಅವರು ತಳಿಗೆ ಇಡುವ ಗಂಡು ಮಾತ್ರ ಇಲ್ಲೇ, ಈ ಕೋರೆಯಲ್ಲೇ. ಆ ಗಂಡನ್ನು ಆರಿಸುವುದಕ್ಕೆ ಅವರದ್ದೊಂದು ಕ್ರಮವಿತ್ತು.

ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಂದಿಮರಿಗಳು ತಮ್ಮ ತಮ್ಮ ಮೊಲೆ ಗೊತ್ತು ಮಾಡಿಕೊಳ್ಳುತ್ತವೆ. ಆಮೇಲೆ ಬದಲಿಸುವುದಿಲ್ಲ. ಮುಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ, ಗಟ್ಟಿಗರು ಅಲ್ಲಿ ಸೇರುತ್ತಾರೆ. ಎಲ್ಲಕ್ಕಿಂತ ಹಿಂದಿನದ್ದು, ಹಾಲೂ ಕಡಿಮೆ, ತಾಯಿಯ ಕಾಲಿನ ಒದೆತವೂ ಉಂಟು, ಅದು ಸೋತವನ ಪಾಲು. ಬಾಯಮ್ಮ ತಳಿಗೆ ಇಡುತ್ತಿದ್ದದ್ದು ಆ ಕಡೆಯ ಮೊಲೆ ಕುಡಿದು ಬದುಕಿದ ಗಂಡನ್ನು. "ಮುಂದಿನ ಮೊಲೆಯಲ್ಲಿ ಯಾರು ಬೇಕಾದ್ರೂ ಬದುಕ್ತಾರೆ ಮಾರಾಯ. ಕಡೆಯದ್ದರಲ್ಲಿ ಬದುಕಿದರೆ ಅದು ನಮ್ಮದು." ನಾನು ನಗುತ್ತಿದ್ದೆ. ಒಳ್ಳೆಯ ಬೆಳೆಗೆ ಒಳ್ಳೆಯ ಬೀಜ, ದಷ್ಟಪುಷ್ಟವಾದದ್ದನ್ನೇ ಇಡಬೇಕು, ಇದು ನಾನು ಕಲಿತ ಪಾಠ. ಇದನ್ನೇ ನಾನು ಮನೆಮನೆಗೆ ಹೋಗಿ ಹೇಳುತ್ತಿದ್ದೆ. ಹೇಳುವುದೇನು, ಮಾಡಿಯೂ ಆಯಿತು. ತಳಿ ಸುಧಾರಣೆಯ ಯೋಜನೆ ಬಂದಾಗ ಬಿಳಿ ಮಿಶ್ರತಳಿಯ ಗಂಡುಗಳನ್ನು ಜೀಪಿನಲ್ಲಿ ತಂದು ಹಂಚಿದವನು ನಾನು. ಊರ ಕಪ್ಪು ಗಂಡುಗಳು ಇನ್ನು ಮರಿ ಹುಟ್ಟಿಸದಂತೆ ಅವುಗಳ ಬೀಜ ತೆಗೆದವನೂ ನಾನೇ. ಬಾಯಮ್ಮ ಒಬ್ಬರೇ ಗೇಟು ತೆರೆಯಲಿಲ್ಲ. "ಈ ಸುಧಾರಣೆ ನಮಗೆ ಬೇಡ. ತಾವು ಮುಂದಿನ ಮನೆಗೆ ಹೋಗಬಹುದು," ಎಂದರು, ಕನ್ನಡದಲ್ಲಿ. ಎರಡು ದಿನ ಬಿಟ್ಟು ನಾನೇ ಹೋಗಿ ಚಹಾ ಕುಡಿದು ಬಂದೆ.

ಇದು ಹದಿನೈದು ಹದಿನಾರು ವರ್ಷದ ಹಿಂದಿನ ಮಾತು. ಆ ಮಳೆಗಾಲ ಮುದಿ ಗಂಡು ಸತ್ತಿತು. ಕಾಯಿಲೆಯೇನಲ್ಲ, ವಯಸ್ಸು. ಕೋರೆಯಲ್ಲಿದ್ದ ಒಂದೇ ಹೆಣ್ಣು ಗಬ್ಬವಾಗಿತ್ತು. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ಹಂದಿಯ ಲೆಕ್ಕ. ಬಾಯಮ್ಮ ಅಡುಗೆಮನೆಯ ಗೋಡೆಗೆ ಮಸಿಯಲ್ಲಿ ಗೆರೆ ಎಳೆದು ಎಣಿಸುತ್ತಿದ್ದರು. ಅದರಲ್ಲಿ ಒಂದು ಗಂಡು ಹುಟ್ಟಿ ಉಳಿಯಬೇಕು, ಇಲ್ಲದಿದ್ದರೆ ಅತ್ತೆ ಕೊಟ್ಟದ್ದು ಅಲ್ಲಿಗೆ ಮುಗಿಯಿತು. ಬೇರೆ ಮನೆಗಳಲ್ಲಿ ಹೆಣ್ಣುಗಳಿದ್ದವು, ಕಪ್ಪು ಗಂಡು ಎಲ್ಲಿಯೂ ಇರಲಿಲ್ಲ. ಯಾಕಿರಲಿಲ್ಲ ಎನ್ನುವುದನ್ನು ಈಗಾಗಲೇ ಹೇಳಿದ್ದೇನೆ.

ಹುಟ್ಟಿ ಉಳಿದದ್ದು ಆರು ಮರಿ, ಅದರಲ್ಲಿ ಎರಡು ಗಂಡು. ಒಂದು ದಷ್ಟಪುಷ್ಟ, ಎಲ್ಲರನ್ನೂ ತಳ್ಳಿ ಮುಂದಿನ ಮೊಲೆಗೆ ಅಂಟಿಕೊಂಡದ್ದು. ಇನ್ನೊಂದು ಇಲಿಯಷ್ಟು, ಕಡೆಯ ಮೊಲೆಯಲ್ಲಿ ನೇತಾಡುತ್ತಿದ್ದದ್ದು. ಬಾಯಮ್ಮ ಗೋಡೆಯ ಗೆರೆಗಳನ್ನು ಒರೆಸಿ ಹಾಕಿದರು. ಅಷ್ಟು ಖುಷಿಯಾಗಿ ನಾನು ಅವರನ್ನು ನೋಡಿರಲಿಲ್ಲ. ಹತ್ತನೆಯ ದಿನ ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮನೆಯಲ್ಲಿ ಅವರ ಜೊತೆಗಿರುವವಳು ಸೊಸೆ ಒಬ್ಬಳೇ, ಆಗ ಅಂಗನವಾಡಿಯ ಕೆಲಸಕ್ಕೆ ಹೋಗಿದ್ದಳು, ಸುದ್ದಿ ಸಿಕ್ಕಿ ಓಡಿ ಬಂದಳು. ಮಣಿಪಾಲಕ್ಕೆ ಸಾಗಿಸಿದರು, ಆಪರೇಷನ್ ಆಯಿತು.

ಮರಿಗಳಿಗೆ ಮೂರು ವಾರ ತುಂಬಿದಾಗ ಸೊಸೆ ನನಗೆ ಫೋನು ಮಾಡಿದಳು. "ಎರಡೂ ಗಂಡು ಹಾಗೇ ಬೆಳೆದ್ರೆ ಕಚ್ಚಾಡ್ತಾವಂತೆ. ನನ್ನಿಂದ ಎರಡನ್ನೆಲ್ಲ ಸುಧಾರಿಸಲಿಕ್ಕೆ ಆಗುವುದಿಲ್ಲ. ಅತ್ತೆಗೆ ಈಗ ಕೇಳುವುದು ಬೇಡ ಅಲ್ವಾ, ನೋವಿನಲ್ಲಿದ್ದಾರೆ. ಯಾವುದನ್ನು ಇಡಬೇಕು ಅಂತ ನಿಮಗೆ ಗೊತ್ತುಂಟಲ್ಲ, ನೀವೇ ಬಂದು ಇನ್ನೊಂದರ ಬೀಜ ತೆಗೆಯಿರಿ."

ನನಗೆ ಗೊತ್ತಿತ್ತು. ಅದನ್ನೇ ನಾನು ಇಲ್ಲಿ ಬರೆಯಬೇಕಾದದ್ದು. ಗೊತ್ತಿಲ್ಲದೆ ಮಾಡಿದ್ದಲ್ಲ. ಬಾಯಮ್ಮ ಯಾವುದನ್ನು ಇಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಉಳಿದಿರುವುದು ಇದೊಂದೇ ಸೂಲು, ಇದರಲ್ಲಿ ಕೂಡ ಆ ಕಡ್ಡಿಯಂಥದ್ದನ್ನು ಇಟ್ಟರೆ ತಳಿ ಏನಾದೀತು ಎಂದುಕೊಂಡೆ. ಆರು ತಿಂಗಳ ಮೇಲೆ ಒಳ್ಳೆಯ ಗಂಡು ಎದುರಿಗೆ ನಿಂತಾಗ ಅವರೇ ಒಪ್ಪುತ್ತಾರೆ, 'ಹೌದು ಮಗಾ' ಎನ್ನುತ್ತಾರೆ ಎಂದುಕೊಂಡೆ. ಅವರಿಗೆ ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದೆ. ಸಣ್ಣದನ್ನು ಹಿಂಗಾಲು ಹಿಡಿದು ಎತ್ತಿದೆ. ಕೈಯಲ್ಲಿ ಭಾರವೇ ಇರಲಿಲ್ಲ. ಬ್ಲೇಡು, ಅಯೋಡಿನ್, ಎರಡು ನಿಮಿಷದ ಕೆಲಸ. ಬಿಟ್ಟ ಕೂಡಲೇ ಅದು ಕಿರುಚುವುದನ್ನು ನಿಲ್ಲಿಸಿ ನೇರವಾಗಿ ತಾಯಿಯ ಹತ್ತಿರ ಓಡಿ ತನ್ನ ಕಡೆಯ ಮೊಲೆಗೆ ಬಾಯಿ ಹಾಕಿತು.

ಮರುದಿನ ಮಣಿಪಾಲಕ್ಕೆ ಹೋಗಿ ಅವರನ್ನು ನೋಡಿದೆ. ಕಿತ್ತಳೆ ತೆಗೆದುಕೊಂಡು ಹೋಗಿದ್ದೆ. ಬೀಜ ತೆಗೆಯುವ ಕೆಲಸ ಮುಗಿಸಿದ್ದೇನೆ, ಒಂದು ಗಂಡು ಇಟ್ಟಿದ್ದೇನೆ ಎಂದೆ. ಅವರ ಮುಖ ಬೆಳಗಿತು. ನನ್ನ ಕೈ ಹಿಡಿದುಕೊಂಡು, "ಸಣ್ಣವ ಹೇಗಿದ್ದಾನೆ?" ಎಂದು ಕೇಳಿದರು. "ಚೆನ್ನಾಗಿದ್ದಾನೆ," ಎಂದೆ. ಸುಳ್ಳಲ್ಲ. ಚೆನ್ನಾಗಿಯೇ ಇದ್ದ. ಹಿಡಿದ ಕೈಯನ್ನು ಅವರು ನರ್ಸು ಬರುವವರೆಗೆ ಬಿಡಲಿಲ್ಲ... ಈ ಒಂದು ದೃಶ್ಯ ನೆನಪಾದರೆ ನನಗೆ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ಈಗಲೂ ಎದ್ದು ಹೋಗಿ ನೀರು ಕುಡಿದು ಬಂದು ಬರೆಯುತ್ತಿದ್ದೇನೆ.

ಅವರು ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ, ಶಹಭಾಸ್ ಅನ್ನಿಸಿಕೊಳ್ಳುವುದಕ್ಕೆ. ವಾಕರ್ ಹಿಡಿದು ಒಳಗೆ ಹೋಗುವ ಮೊದಲೇ ಕೋರೆಯ ಗೇಟಿನ ಹತ್ತಿರ ಬಂದು ನಿಂತರು. ಮರಿಗಳಿಗೆ ಆಗ ಎರಡು ತಿಂಗಳ ಹತ್ತಿರ. ಸಣ್ಣದು ಬಾಲ ತಿರುಗಿಸುತ್ತಾ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುತ್ತಿತ್ತು. ಬಾಯಮ್ಮ ಅದರ ಹಿಂಭಾಗ ನೋಡಿದರು. ದೊಡ್ಡದನ್ನು ನೋಡಿದರು. ಮತ್ತೆ ಸಣ್ಣದನ್ನು ನೋಡಿದರು. ನಾನು ಮಾತು ಶುರು ಮಾಡಿದೆ, ಎತ್ತರ, ಎದೆಯಗಲ, ತೂಕ ಎಂದು. ಅವರು ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

"ಇವನ ಕಿವಿ ನೋಡು," ಎಂದರು.

ದೊಡ್ಡದರ ಕಿವಿ ಬಿಳಿ ಮಿಶ್ರತಳಿಯದ್ದರಂತೆ ಬಾಗತೊಡಗಿತ್ತು. ಇಷ್ಟು ದಿನ ಅದರ ತೂಕವನ್ನೇ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಸೊಸೆ ಆಗ ಹೇಳಿದಳು. ಹೆಣ್ಣು ಬೆದೆಗೆ ಬಂದ ದಿನಗಳಲ್ಲಿ ಮುದಿ ಗಂಡು ಕೂಡಿದ ಮರುದಿನವೇ ಪಕ್ಕದ ಮನೆಯ ಬಿಳಿ ಮಿಶ್ರತಳಿಯ ಗಂಡು, ನಾನೇ ಜೀಪಿನಲ್ಲಿ ತಂದು ಕೊಟ್ಟದ್ದು, ಕೋರೆಯ ತಗ್ಗಿನ ಕಡೆಯಿಂದ ಹಾರಿ ಒಳಗೆ ಬಂದಿತ್ತಂತೆ. ಒಂದೇ ಸೂಲಿನಲ್ಲಿ ಎರಡು ಗಂಡುಗಳ ಮರಿಗಳು ಹುಟ್ಟಬಹುದೆಂದು ನಾನು ಪರೀಕ್ಷೆಯಲ್ಲಿ ಉತ್ತರ ಬರೆದು ಪಾಸಾದವನು. ಏಳನೆಯ ಮರಿಯೊಂದು ಬಿಳಿಯಾಗಿಯೇ ಹುಟ್ಟಿ ಮೊದಲ ದಿನ ತಾಯಿಯ ಅಡಿಗೆ ಬಿದ್ದು ಸತ್ತಿತ್ತಂತೆ. ಉಳಿದವೆಲ್ಲ ಕಪ್ಪು. ಮಿಶ್ರತಳಿಯ ಮರಿ ದಪ್ಪಗೆ ಹುಟ್ಟಿ ಮುಂದಿನ ಮೊಲೆ ಹಿಡಿಯುತ್ತದೆ, ಊರದ್ದು ಹಿಂದೆ ಉಳಿಯುತ್ತದೆ. ಕಪ್ಪಿನಲ್ಲಿ ಯಾವುದು ಯಾರದ್ದು ಎಂದು ಕಡೆಯ ಮೊಲೆಯೇ ಹೇಳಬೇಕಿತ್ತು, ಹೇಳಿಯೂ ಇತ್ತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿಗೆ ಬಿದ್ದಂತೆ ನಾನು ಗೇಟು ಹಿಡಿದು ನಿಂತಿದ್ದೆ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಬಾಯಮ್ಮನನ್ನು ಕೇಳಿದೆ. ಸಿಟ್ಟಿನಲ್ಲಿಯೇ ಕೇಳಿದೆ, ನಾಚಿಕೆಯಿಲ್ಲದೆ.

"ನಿನ್ನ ಗಂಡು ಹಾರಿ ಬಂತು ಅಂತ ಹೇಳಿದ್ರೆ ನಿನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ," ಎಂದರು. ವಾಕರನ್ನು ತಿರುಗಿಸಿಕೊಂಡು, ನನ್ನ ಕಡೆ ನೋಡದೆ ಹೇಳಿದರು. "ತಾವು ಹೋಗಿ ಬನ್ನಿ ಡಾಕ್ಟ್ರೇ. ತಮಗೆ ಬೇರೆ ಕೆಲಸ ಇರಬಹುದು."

ಕನ್ನಡದಲ್ಲಿ ಹೇಳಿದರು. ಬೈದಿದ್ದರೆ ಆಗುತ್ತಿತ್ತು. ನಾನು ದಾರಿಯಲ್ಲಿ ಸ್ಕೂಟರು ನಿಲ್ಲಿಸಿ ಅತ್ತುಬಿಟ್ಟೆ.

ಆಮೇಲೆ ಶುರುವಾಯಿತು ಅಲೆದಾಟ. ಎಲ್ಲಿಯಾದರೂ ಒಂದು ಕಪ್ಪು ಗಂಡು, ಬೀಜ ಇರುವಂಥದ್ದು, ನನ್ನ ಕೈ ತಪ್ಪಿಸಿಕೊಂಡದ್ದು ಉಳಿದಿರಲೇಬೇಕು ಎಂದು ಹೊರಟೆ. ಭಾನುವಾರಗಳೆಲ್ಲ ಅದಕ್ಕೇ ಹೋದವು. ಪೆರ್ಡೂರಿನಲ್ಲಿ ಒಂದು ಇದೆಯೆಂದರು, ಹೋದರೆ ಕಿವಿ ಜೋತುಬಿದ್ದಿತ್ತು. ಕಾಪುವಿನ ಒಳಗಿನ ಮನೆಯಲ್ಲಿ ಹಬ್ಬಕ್ಕೆ ಕಡಿದು ಒಂದು ವಾರವಾಗಿತ್ತು. ಹೂಡೆಯಲ್ಲಿ ಹೊಳೆದಂಡೆಯ ಮನೆಯ ಮುದುಕರೊಬ್ಬರು ಬಲೆ ಸರಿಮಾಡುತ್ತಾ ಕುಳಿತಿದ್ದರು. ಊರ ಕಪ್ಪು ಗಂಡು ಉಂಟಾ ಎಂದು ಕೇಳಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಇತ್ತು ಮಾರಾಯ್ರೆ. ನೀವೇ ಅಲ್ವಾ ಬಂದು ತೆಗೆದದ್ದು? ನಾನೇ ಕಾಲು ಹಿಡಿದುಕೊಂಡಿದ್ದೆ," ಎಂದರು. ನನಗೆ ಆ ಮನೆಗೆ ಹಿಂದೆ ಬಂದದ್ದೂ ನೆನಪಿರಲಿಲ್ಲ. ಅವರು ಎಳನೀರು ಕೊಟ್ಟರು. ಕುಡಿದು ಬಂದೆ.

ಬಾಯಮ್ಮನ ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಆ ರಸ್ತೆಯಲ್ಲಿ ಹೋಗಬೇಕಾದಾಗ ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದೆ. ದೊಡ್ಡದನ್ನು ಅವರು ಮಾರಿದರಂತೆ. ಸಣ್ಣದನ್ನು ಮಾರಲೂ ಇಲ್ಲ, ಕಡಿಸಲೂ ಇಲ್ಲ. ಯಾವ ಕೆಲಸಕ್ಕೂ ಬಾರದ ಹಂದಿಗೆ ದಿನಾ ಕೆಸು ಬೇಯಿಸಿ ಹಾಕುವವರನ್ನು ಊರು ಏನೆನ್ನುತ್ತದೆ? ನಕ್ಕರು, ಆಮೇಲೆ ಅಭ್ಯಾಸವಾಯಿತು. ಒಂದೂವರೆ ವರ್ಷ ಹೀಗೆ ಕಳೆಯಿತು. ಅಷ್ಟರಲ್ಲಿ ಒಂದು ಕ್ರಿಸ್ಮಸ್ಸಿಗೆ ಸೊಸೆಯ ಕೈಯಲ್ಲಿ ಹೇಳಿ ಕಳಿಸಿದರು, ಬಂದು ಹಬ್ಬದ ತಿಂಡಿ ಕುಸ್ವಾರ್ ತೆಗೆದುಕೊಂಡು ಹೋಗಲಿ ಎಂದು. ಹೋದೆ. ತಟ್ಟೆಯ ತುಂಬ ನೆವ್ರಿ, ಕಿಡಿಯೊ, ಅಕ್ಕಿಯ ಉಂಡೆ. ಬದಿಯಲ್ಲಿ ಕಾಗದದಲ್ಲಿ ಸುತ್ತಿದ ಈ ಬ್ರಷ್ಷು. ಬಾಯಮ್ಮ ಸೊರಗಿದ್ದರು, ಆದರೆ ಕಣ್ಣು ಹಾಗೆಯೇ ಇತ್ತು.

"ಸಣ್ಣವನ ಬೆನ್ನಿನದ್ದು," ಎಂದರು, ತುಳುವಿನಲ್ಲಿ. "ಕತ್ತರಿಯಲ್ಲಿ ತೆಗೆದೆ, ನೋವು ಮಾಡಲಿಲ್ಲ. ನಿನ್ನ ಸ್ಕೂಟರು ಎಲ್ಲೆಲ್ಲ ತಿರುಗಿದೆ ಅಂತ ನನಗೆ ಗೊತ್ತುಂಟು ಮಗಾ. ಅದರ ಪ್ಲಗ್ಗಿನ ಮಸಿ ಇದರಲ್ಲಿ ಉಜ್ಜಿಕೊ."

ಕೈಯಲ್ಲಿದ್ದ ನೆವ್ರಿಯನ್ನು ಪುಡಿ ಮಾಡಿಬಿಟ್ಟಿದ್ದೆ. ಅವರು ಕೋರೆಯ ಕಡೆ ಕೈ ತೋರಿಸಿ, "ಹೋಗು, ಅವನಿಗೂ ಒಂದು ಉಂಡೆ ಹಾಕು," ಎಂದರು. ಹೋಗಿ ಹಾಕಿದೆ. ನೆಟ್ಟಗಿನ ಕಿವಿ, ನೀಳ ಮೂತಿ, ಮುದಿ ಗಂಡಿನ ತದ್ರೂಪ. ನನ್ನ ಅಂಗೈಯಿಂದಲೇ ತಿಂದಿತು.

ಅವರು ಮತ್ತೆ ಎರಡು ವರ್ಷ ಬದುಕಿದ್ದರು. ಸಣ್ಣದು ಅವರ ನಂತರ ಒಂದು ಮಳೆಗಾಲ ಉಳಿಯಿತು. ಕೊನೆಯವರೆಗೆ ನಾನು ಹೋಗುತ್ತಿದ್ದೆ, ಅವರು ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾನೂ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಹೇಳಬೇಕಾದ ದಿನ ಇಗರ್ಜಿಯಲ್ಲಿ ಅವರ ಪೆಟ್ಟಿಗೆಯ ಮುಚ್ಚಳ ಹಾಕಿಯಾಗಿತ್ತು. ಬ್ರಷ್ಷನ್ನು ನಾನು ಪ್ಲಗ್ಗಿಗೆ ಹಚ್ಚಲೇ ಇಲ್ಲ.

ಫೋನು ಮಾಡಿದ ಹುಡುಗಿ ನಿನ್ನೆ ಮನೆಗೆ ಬಂದಳು. ಘಟ್ಟದ ಮೇಲಿನವಳು, ಅಳಿದುಹೋಗುತ್ತಿರುವ ನಾಡತಳಿಗಳ ಸಂಶೋಧನೆಯಂತೆ. ಪಾಲಿಗೆ ಕೊಟ್ಟ ಮನೆಗಳನ್ನೆಲ್ಲ ಸುತ್ತಿ ಬಂದಿದ್ದಳು. ಎಲ್ಲ ಕಡೆ ಬಿಳಿ, ಕಂದು, ಚುಕ್ಕೆ ಚುಕ್ಕೆಯವು. ಒಂದೆರಡರ ಕಿವಿ ಮಾತ್ರ ಸ್ವಲ್ಪ ನೆಟ್ಟಗಿದೆಯೆಂದು ಮೊಬೈಲಿನಲ್ಲಿ ತೋರಿಸಿದಳು. ನಾನು ಆ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆಮೇಲೆ ಅವಳು ಒಂದು ಫಾರ್ಮು ತೆಗೆದಳು.

"ಕೊನೆಯ ಶುದ್ಧ ಗಂಡು ಹೇಗೆ ಹೋಯ್ತು ಸರ್? ರೋಗ ಅಂತ ಹಾಕಲಾ?" ಈಗ ಹಂದಿ ಎಂದರೆ ಎಲ್ಲರಿಗೂ ಜ್ವರದ್ದೇ ನೆನಪು.

"ಅಲ್ಲ."

"ಮಾರಾಟ? ಮಾಂಸ?"

"ಅಲ್ಲ."

"ಹಾಗಾದ್ರೆ ಇತರೆ. ಇತರೆ ಅಂದ್ರೆ ಏನು ಅಂತ ಇಲ್ಲಿ ಬರೀಬೇಕು ಸರ್, ಜಾಗ ಕೊಟ್ಟಿದ್ದಾರೆ."

"ನಾನು ಅಂತ ಬರೆಯಿರಿ," ಎಂದೆ.

ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನಾನು ಎಲ್ಲವನ್ನೂ ಹೇಳಿದೆ, ಮೊದಲ ಸಲ, ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಗೂ ಕೇಳುವಂತೆ. ಹುಡುಗಿ ಬರೆದುಕೊಳ್ಳಲಿಲ್ಲ. ಕೊನೆಗೆ ಬ್ರಷ್ಷನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಬುಡಸಮೇತ ಕಿತ್ತ ಕೂದಲಾಗಿದ್ದರೆ ಪ್ರಯೋಗಾಲಯದಲ್ಲಿ ತಳಿಯ ಗುರುತು ಏನಾದರೂ ತಿಳಿಯುತ್ತಿತ್ತು, ಇದು ಕತ್ತರಿಸಿದ್ದು, ಹೆಚ್ಚೇನೂ ಸಿಗಲಿಕ್ಕಿಲ್ಲ ಎಂದಳು. ನೋವು ಮಾಡಲಿಲ್ಲ ಎಂದಿದ್ದರಲ್ಲ ಬಾಯಮ್ಮ. ಆದರೂ ಇರಲಿ ಎಂದು ಚಿಮಟದಲ್ಲಿ ನಾಲ್ಕು ಕೂದಲು ಎಳೆದು ಒಂದು ಸಣ್ಣ ಲಕೋಟೆಗೆ ಹಾಕಿಕೊಂಡು ಹೋದಳು.

ಅವಳು ಹೋದ ಮೇಲೆ ನೋಡಿದರೆ ನೆಲದ ಮೇಲೆ ಒಂದು ಕೂದಲು ಬಿದ್ದಿತ್ತು. ಹೆಕ್ಕಿಕೊಂಡೆ. ಕಿಟಕಿಯ ಹತ್ತಿರ ಕುಳಿತು ಅದನ್ನು ಇದ್ದಲ್ಲಿಗೇ ಸೇರಿಸಲು ನೋಡಿದೆ. ತಂತಿ ಬಿಗಿಯಾಗಿತ್ತು. ಬಾಯಮ್ಮ ಕಟ್ಟಿದ್ದು. ಎಷ್ಟು ಹೊತ್ತು ಪ್ರಯತ್ನಿಸಿದರೂ ಒಳಗೆ ಹೋಗಲಿಲ್ಲ.